ಬ್ಯಾಡ ಅನ್ನಾಕ ಬಸ್ ಚಾರ್ಜು



ನಮ್ಮ ರಾಯಚೂರು ಜಿಲ್ಲೆಯ ವಳಕಮದಿನ್ನಿಯಲ್ಲಿ ಕಾಕಾನ ಹೊಲ ಇದೆ. ದಿನ್ನಿ ಅಂದರೆ ದಿಬ್ಬ ಅಂತ ಈ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಸಿಂಧನೂರು, ಲಿಂಗಸುಗೂರು, ಮಸ್ಕಿ ಸುತ್ತ ದಿನ್ನಿ ಎಂದು ಮುಗಿಯುವ ಊರುಗಳು ಬೇಕಾದಷ್ಟಿವೆ. ಕಾಕಾನದು ಮಳೆ ನಂಬಿದ ಎರೆಹೊಲ. ತೊಗರಿ, ಸಜ್ಜೆ, ಧೈರ್ಯ ಬಂದ ವರ್ಷ ಹತ್ತಿ. ಕೆಲವು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವನು ಬ್ಯಾಂಕಿನ ಪಾಸ್‌ಬುಕ್ ತಂದು ನನ್ನ ಮುಂದೆ ಹಿಡಿದ. ಒಂದು ಸಾಲಿನ ಮೇಲೆ ಉಗುರಿಂದ ಗೆರೆ ಎಳೆದಿದ್ದ.

"ಇದೇನು ನೋಡೋ ತಮ್ಮಾ. ಯಾರೋ ನನ್ನ ರೊಕ್ಕ ತಗದಾರ."

ನೋಡಿದೆ. ಯಾರೂ ಕದ್ದಿರಲಿಲ್ಲ. ಬೆಳೆ ವಿಮೆಯ ಕಂತು, ಬೆಳೆಸಾಲದ ಖಾತೆಯಿಂದ ತಾನಾಗಿಯೇ ಮುರಿದಿತ್ತು.

"ವಿಮಾ ಕಾಕಾ ಅದು. ಬೆಳಿ ಹೋದ್ರ ರೊಕ್ಕ ಬರತೈತಿ."

"ಬರತೈತೋ ಬಿಡತೈತೋ ಆಮ್ಯಾಗಿನ ಮಾತು. ನಾ ಬೇಕು ಅಂದಿದ್ನೇನು?"

"ಬ್ಯಾಡ ಅಂದಿಲ್ಲಲ್ಲ."

ಕಾಕಾ ನನ್ನ ಮುಖ ನೋಡಿದ. "ಅಂದ್ರ ಸುಮ್ಮ ಕುಂತವನು ಹೂಂ ಅಂದಂಗೇನು?" ಎಂದ. ಇವತ್ತು ನಾನು ಮಾತಾಡಬೇಕೆಂದಿರುವುದು ಈ ಒಂದು ಪ್ರಶ್ನೆಯ ಬಗ್ಗೆ.

ಮೊದಲು ವಿಷಯ ಏನೆಂದು ಹೇಳಿಬಿಡುತ್ತೇನೆ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ 2016ರ ಮುಂಗಾರಿನಲ್ಲಿ ಶುರುವಾಯಿತು. ಆಗ ಬೆಳೆಸಾಲ ಪಡೆದ ರೈತನಿಗೆ ವಿಮೆ ಕಡ್ಡಾಯ. ಆಯ್ಕೆಯ ಮಾತೇ ಇರಲಿಲ್ಲ. ರೈತರಿಂದ ಆಕ್ಷೇಪಣೆ ಬಂತು, ಹಲವು ರಾಜ್ಯಗಳಿಂದಲೂ ಬಂತು. 2020ರ ಮುಂಗಾರಿನಿಂದ ಕೇಂದ್ರ ಸರ್ಕಾರ ಅದನ್ನು ಐಚ್ಛಿಕ ಮಾಡಿತು. ಒಳ್ಳೆಯದೇ ಆಯಿತು ಅನ್ನಿ. ಆದರೆ ಐಚ್ಛಿಕ ಅನ್ನುವುದರ ಅರ್ಥ ಇಬ್ಬರಿಗೆ ಎರಡು ತರಹ. ಸಾಲ ಇಲ್ಲದ ರೈತ ಸುಮ್ಮನಿದ್ದರೆ ವಿಮೆ ಇಲ್ಲ. ಬೇಕಿದ್ದರೆ ಪಹಣಿ, ಆಧಾರ್, ಪಾಸ್‌ಬುಕ್ ಹಿಡಿದು ತಾನೇ ಹೋಗಬೇಕು. ಸಾಲ ಇರುವ ರೈತ ಸುಮ್ಮನಿದ್ದರೆ ವಿಮೆ ಇದೆ. ಬೇಡವಾದರೆ ನೋಂದಣಿಯ ಕೊನೆಯ ದಿನಕ್ಕಿಂತ ಏಳು ದಿನ ಮುಂಚೆ ಬ್ಯಾಂಕಿಗೆ ಬರೆದು ಕೊಡಬೇಕು. ಅದೇ ಮೌನ, ಒಬ್ಬನ ಬಾಯಲ್ಲಿ ಇಲ್ಲ, ಇನ್ನೊಬ್ಬನ ಬಾಯಲ್ಲಿ ಹೂಂ.

ಇದನ್ನು ಯಾರೋ ಗುಮಾಸ್ತ ತಪ್ಪಿ ಮಾಡಿದ್ದಲ್ಲ. ಇದರ ಹಿಂದೆ ಒಂದು ಶಾಸ್ತ್ರವೇ ಇದೆ. ಅಮೆರಿಕದ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಮತ್ತು ಕಾನೂನು ಪಂಡಿತ ಕ್ಯಾಸ್ ಸನ್‌ಸ್ಟೀನ್ 2008ರಲ್ಲಿ ನಡ್ಜ್ ಎಂಬ ಪುಸ್ತಕ ಬರೆದರು. ಥೇಲರ್ ಅವರಿಗೆ 2017ರಲ್ಲಿ ನೊಬೆಲ್ ಬಂತು. ನಡ್ಜ್ ಅಂದರೆ ಪಕ್ಕದವನನ್ನು ಮೊಣಕೈಯಿಂದ ಮೆಲ್ಲಗೆ ತಿವಿಯುವುದು. ಅವರ ವಾದ ಇಷ್ಟು: ಮನುಷ್ಯ ಲೆಕ್ಕದ ಯಂತ್ರ ಅಲ್ಲ, ಮೈಗಳ್ಳ. ಎದುರಿಗೆ ಏನಿಟ್ಟರೋ ಅದನ್ನೇ ಉಣ್ಣುತ್ತಾನೆ. ಹಾಗಾಗಿ ಅವನಿಗೆ ಒಳ್ಳೆಯದು ಯಾವುದೋ ಅದನ್ನೇ ಎದುರಿಗಿಡಿ, ಬೇಡ ಅನ್ನುವ ದಾರಿಯನ್ನೂ ಬಿಡಿ. ಹಾಗೆ ಮಾಡಿದರೆ ಬಲವಂತವೂ ಆಗಲಿಲ್ಲ, ಒಳ್ಳೆಯದೂ ಆಯಿತು. ನಮ್ಮ ಕೇಂದ್ರ ಸರ್ಕಾರದ 2018-19ರ ಆರ್ಥಿಕ ಸಮೀಕ್ಷೆಯಲ್ಲಿ ಇದಕ್ಕೇ ಒಂದು ಅಧ್ಯಾಯ ಮೀಸಲಿಟ್ಟರು.

ನಮ್ಮ ಒಕ್ಕಲಿಗ ಇದನ್ನು ನೊಬೆಲ್ ಇಲ್ಲದೆಯೂ ಬಲ್ಲ. ಎತ್ತನ್ನು ಬಾರುಕೋಲಿನಿಂದ ಹೊಡೆಯುವುದು ಬೇರೆ, ಬೆನ್ನು ಸವರಿ ಬಾಯಲ್ಲಿ ಚಪ್ಪರಿಸುವುದು ಬೇರೆ. ಎತ್ತಿಗೆ ಎರಡನೆಯದೇ ಹಿತ, ಒಪ್ಪುತ್ತೇನೆ. ಆದರೆ ಎರಡರಲ್ಲೂ ಕುಂಟೆ ಎಳೆಯುವುದು ಎತ್ತೇ.

ವಿಮೆ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಮುಂಗಾರಿನ ಕಾಳುಕಡಿಗೆ ರೈತ ಕಟ್ಟಬೇಕಾದ್ದು ವಿಮಾ ಮೊತ್ತದ ನೂರಕ್ಕೆ 2, ಹಿಂಗಾರಿಗೆ ಒಂದೂವರೆ, ಹತ್ತಿಯಂಥ ವಾಣಿಜ್ಯ ಬೆಳೆಗೆ 5. ಉಳಿದದ್ದನ್ನು ಸರ್ಕಾರಗಳು ಭರಿಸುತ್ತವೆ. ಹೆಕ್ಟೇರಿಗೆ 40 ಸಾವಿರ ವಿಮೆ ಅಂದುಕೊಂಡರೆ ತೊಗರಿಗೆ ರೈತನ ಪಾಲು 800 ರೂಪಾಯಿ. ಬರದ ಮೇಲೆ ಬರ ಕಂಡ ರಾಯಚೂರು ಜಿಲ್ಲೆಯಲ್ಲಿ ಇದು ದುಬಾರಿ ಅಲ್ಲ. ಕಾಕಾನಿಗೂ ಈ ಲೆಕ್ಕ ತಿಳಿಯುತ್ತದೆ. ಅವನ ತಕರಾರು ಬೇರೆ. ನಷ್ಟ ಅಳೆಯುವುದು ಅವನ ಹೊಲದಲ್ಲಲ್ಲ. ಪಂಚಾಯಿತಿಗೆ ಇಷ್ಟು ಅಂತ ಆರಿಸಿದ ಕೆಲವು ಹೊಲಗಳಲ್ಲಿ ಬೆಳೆ ಕೊಯ್ದು ತೂಗಿ, ಸರಾಸರಿ ತೆಗೆಯುತ್ತಾರೆ. ಹಳ್ಳದ ದಂಡೆಯ ಹೊಲ ಬೆಳೆದು, ದಿನ್ನಿಯ ಹೊಲ ಒಣಗಿದರೆ ಸರಾಸರಿಗೆ ಅದು ಕಾಣುವುದಿಲ್ಲ. ಆಲಿಕಲ್ಲು ಬಿದ್ದರೆ, ಹೊಲದಲ್ಲಿ ನೀರು ನಿಂತರೆ ಅವನೊಬ್ಬನ ನಷ್ಟವನ್ನೇ ನೋಡುವ ನಿಯಮ ಇದೆ. ಆದರೆ 72 ತಾಸಿನೊಳಗೆ ಅವನೇ ತಿಳಿಸಬೇಕು.

ಇಲ್ಲಿ ಸ್ವಲ್ಪ ನಿಲ್ಲಿ. ಕಂತು ಮುರಿಯುವಾಗ ರೈತನ ಮೌನ ಸಾಕು. ಪರಿಹಾರ ಕೇಳುವಾಗ ಮೌನ ಸಾಲದು, ಮೂರು ದಿನದಲ್ಲಿ ಫೋನು ಹಚ್ಚಿ ಮಾತಾಡಬೇಕು. ಮೈಗಳ್ಳತನವೇ ಮನುಷ್ಯನ ಸ್ವಭಾವ ಅಂತ ಶಾಸ್ತ್ರ ಹೇಳಿದ್ದು ಹೌದಾದರೆ, ಆಲಿಕಲ್ಲು ಬಿದ್ದ ದಿನವೂ ಆ ಸ್ವಭಾವ ಅವನ ಮೈಯಲ್ಲೇ ಇರುತ್ತದಲ್ಲ?

ಇನ್ನು ಹೊಲ ಲೀಜಿಗೆ ಹಾಕಿಕೊಂಡು ಮಾಡುವವರ ಪಾಡು. ಬಿತ್ತಿದವನು ಒಬ್ಬ, ಪಹಣಿ ಇರುವುದು ಇನ್ನೊಬ್ಬನ ಹೆಸರಲ್ಲಿ, ಸಾಲವೂ ಅವನದೇ. ಹೂಂ ಅನ್ನುವ ಮೌನವೂ ಜಮೀನುದಾರನದೇ. ಬಿತ್ತಿದವನ ಮೌನಕ್ಕೆ ಬೆಲೆ ಇಲ್ಲ, ಮಾತಿಗೂ ಇಲ್ಲ.

ಕಾಕಾನ ಕಥೆಗೆ ಬರುತ್ತೇನೆ. ಮರುವರ್ಷ ಅವನು ಬೇಡ ಅನ್ನಬೇಕೆಂದು ತೀರ್ಮಾನಿಸಿದ. ಅಮಾವಾಸ್ಯೆ ಕಳೆದು ಮಳೆ ಹದ ಆಗಿತ್ತು, ಕುಂಟೆ ಹೊಡೆಯುವ ದಿನ. ಅದನ್ನು ಬಿಟ್ಟು ಬಸ್ ಹತ್ತಿದ. ಬ್ಯಾಂಕಿನಲ್ಲಿ, ಯಾವ ಬ್ಯಾಂಕು ಎಂಬುದು ಬೇಡ ಬಿಡಿ, "ಯಜಮಾನ್ರ, ಲಾಸ್ಟ್ ಡೇಟ್ ಮುಂದಿನ ವಾರ ಐತಿ, ಆದ್ರ ಬ್ಯಾಡ ಅನ್ನೋರಿಗೆ ನಿನ್ನೆಗೇ ಮುಗೀತು" ಅಂದರು. ಮೂರನೇ ವರ್ಷ ಬೇಗನೇ ಹೋದ. ಬೇಕು ಅನ್ನುವವರ ಅರ್ಜಿ ಮೇಜಿನ ಮೇಲೆ ಕಟ್ಟುಗಟ್ಟಲೆ ಇತ್ತು. ಬೇಡ ಅನ್ನುವ ಅರ್ಜಿ ಇರಲಿಲ್ಲ. ಬಿಳಿ ಹಾಳೆಯಲ್ಲಿ ಬರೆಸಿಕೊಂಡು ಬಾ ಅಂದರು. ಬರೆಯುವವರನ್ನು ಹುಡುಕಿ, ಚಹಾ ಕುಡಿಸಿ, ಬರೆಸಿ ತಂದರೆ ಊಟದ ಹೊತ್ತು. ಕೊನೆಗೆ ಕಾಗದ ತಗೊಂಡವರು ಸದ್ಭಾವದಿಂದಲೇ ಕೇಳಿದರಂತೆ: "ಯಾಕ್ರಿ ಯಜಮಾನ್ರ, ನಿಮ್ಮ ಒಳ್ಳೇದಕ್ಕ ಮಾಡಿದ್ದಲ್ಲ?"

ಮನೆಗೆ ಬಂದು ಕಾಕಾ ಲೆಕ್ಕ ಹಾಕಿದ. ಬಸ್ ಚಾರ್ಜು, ಚಹಾ, ಒಂದು ದಿನದ ಕುಂಟೆ. ಚಿಗವ್ವ ಒಲೆ ಮುಂದೆ ಕೂತು ನಕ್ಕಳು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆ ತಾನೆ. "ನನ್ನ ಕಳಿಸಿದ್ರ ಬಿಟ್ಟಿ ಹೋಗಿ ಬ್ಯಾಡ ಅಂದು ಬರ್ತಿದ್ದೆ" ಎಂದಳು. ಮಾತು ಖರೆ. ಆದರೆ ಪಹಣಿಯಲ್ಲಿ ಅವಳ ಹೆಸರಿಲ್ಲ.

ಆ ವರ್ಷ ಮಳೆ ಏನಾಯಿತು, ತೊಗರಿ ಬಂತೋ ಹೋಯಿತೋ, ಬೇಡ ಅಂದ ಕಾಕಾ ಗೆದ್ದನೋ ಸೋತನೋ ಎಂದು ನಿಮಗೆ ಕುತೂಹಲ ಇದ್ದೀತು. ನಾನು ಹೇಳುವುದಿಲ್ಲ. ಬೆಳೆ ಹೋಗಿದ್ದರೆ ನೀವು ಸರ್ಕಾರದ ಕಡೆ, ಬಂದಿದ್ದರೆ ಕಾಕಾನ ಕಡೆ ಆಗಿಬಿಡುತ್ತೀರಿ. ನಾನು ಕೇಳುತ್ತಿರುವ ಪ್ರಶ್ನೆಗೆ ಮಳೆ ಉತ್ತರ ಕೊಡಲಾರದು.

ಬೇಡ ಅಂದು ಬಂದ ದಿನ ಕಾಕಾ ಬಸ್ಸಿಗೆ ಕಾಯುತ್ತ ನಿಂತದ್ದು ಮಸ್ಕಿಯಲ್ಲಿ; ಅಲ್ಲೇ ಬೆಟ್ಟದ ಬಂಡೆಯಲ್ಲಿ ಈ ವಿಷಯದ ಹಿರಿಯಜ್ಜ ಇದ್ದಾನೆ. 1915ರಲ್ಲಿ ಗಣಿ ಇಂಜಿನಿಯರ್ ಸಿ. ಬೀಡನ್ ಕಣ್ಣಿಗೆ ಬಿದ್ದ ಅಶೋಕನ ಶಾಸನ ನಿಮಗೆಲ್ಲ ಗೊತ್ತು. ಅಲ್ಲಿಯವರೆಗೆ ದೇವಾನಾಂಪ್ರಿಯ ಅಂದರೆ ಯಾರು ಎಂದು ಪಂಡಿತರು ಊಹೆಯಲ್ಲಿದ್ದರು. ಆ ಬಿರುದಿನ ಜೊತೆಗೇ ಅಶೋಕ ಎಂಬ ಹೆಸರು ಇದೆ ಅಂತ ತೋರಿಸಿಕೊಟ್ಟಿದ್ದು ನಮ್ಮ ಮಸ್ಕಿಯ ಬಂಡೆ. ಪ್ರಜೆಗಳೆಲ್ಲ ನನ್ನ ಮಕ್ಕಳು ಎಂದು ಕೊರೆಸಿದ ರಾಜ ಆತ. ಆ ಮಾತು ಮಸ್ಕಿಯಲ್ಲಿಲ್ಲ, ಒಡಿಶಾದ ಧೌಲಿಯ ಕಡೆಯ ಶಾಸನಗಳಲ್ಲಿದೆ. ಅಪ್ಪನ ಸ್ಥಾನದಲ್ಲಿ ನಿಂತ ಸರ್ಕಾರಕ್ಕೆ ಇದಕ್ಕಿಂತ ಹಳೆಯ ಕಾಗದ ಎಲ್ಲಿ ಸಿಕ್ಕೀತು?

ಆದರೆ ಅದೇ ಅಪ್ಪ ಮುಪ್ಪಿನ ಹೊತ್ತಿಗೆ ಇನ್ನೊಂದು ಮಾತು ಬರೆಸಿದ. ಈಗ ದೆಹಲಿಯಲ್ಲಿರುವ ತೋಪ್ರಾ ಸ್ತಂಭದ ಏಳನೇ ಶಾಸನದಲ್ಲಿ ಆತ ತನ್ನ ಕೆಲಸದ ಲೆಕ್ಕ ಒಪ್ಪಿಸುತ್ತಾನೆ. ಜನರಲ್ಲಿ ಧರ್ಮ ಬೆಳೆಸಲು ಎರಡು ದಾರಿ ಹಿಡಿದೆ, ಒಂದು ನಿಯಮ, ಇನ್ನೊಂದು ಮನಸ್ಸಿಗೆ ಹತ್ತುವಂತೆ ತಿಳಿಹೇಳುವುದು. ಇಂಥ ಪ್ರಾಣಿ ಕೊಲ್ಲಬೇಡಿ ಅಂತ ನಿಯಮವನ್ನೂ ಮಾಡಿದೆ, ಆದರೆ ನಿಯಮದಿಂದ ಆದದ್ದು ಅಲ್ಪ, ತಿಳಿಹೇಳಿದ್ದರಿಂದಲೇ ಹೆಚ್ಚು ಆಯಿತು ಎಂಬ ಅರ್ಥ ಬರುತ್ತದೆ. ಗಮನಿಸಿ, ಆತ ಹೇಳಿದ್ದು ಎರಡೇ ದಾರಿ. ಸುಮ್ಮನೆ ಕೂತವನನ್ನು ಒಪ್ಪಿದ ಅಂತ ಬರೆದುಕೊಳ್ಳುವ ಮೂರನೇ ದಾರಿ ಆತನಿಗೆ ಹೊಳೆದಿರಲಿಲ್ಲ. ಅದಕ್ಕೆ ಗಣಕಯಂತ್ರ ಬರಬೇಕಾಯಿತು.

ಇನ್ನೊಂದು ಕಡೆ ಬನ್ನಿ, ಶಾಲೆಗೆ. 2021ರ ಡಿಸೆಂಬರ್ 1ರಿಂದ ರಾಯಚೂರು, ಕೊಪ್ಪಳ, ಯಾದಗಿರಿ, ಕಲಬುರಗಿ, ಬೀದರ್, ಬಳ್ಳಾರಿ, ವಿಜಯಪುರ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ತತ್ತಿ ಕೊಡಲು ಶುರು ಮಾಡಿದರು. ನಮ್ಮ ಕಡೆಯ ಮಕ್ಕಳ ಅಪೌಷ್ಟಿಕತೆ ಅದಕ್ಕೆ ಕಾರಣ. ತತ್ತಿ ತಿನ್ನದವರಿಗೆ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ. ಕೆಲವು ಮಠಾಧೀಶರು, ಸಂಘಟನೆಗಳು ವಿರೋಧಿಸಿದವು. ಶಾಲೆಯಲ್ಲಿ ತತ್ತಿಯೇ ಬೇಡ, ಕೊಟ್ಟರೆ ಮಕ್ಕಳಲ್ಲಿ ಭೇದ ಹುಟ್ಟುತ್ತದೆ ಎಂಬ ವಾದ. ಬೇಕು ಅಂತ ಮಕ್ಕಳೂ ಬೀದಿಗೆ ಬಂದು ಮಾತಾಡಿದರು. ಸರ್ಕಾರ ಹಿಂದೆ ಸರಿಯಲಿಲ್ಲ, ಮುಂದೆ ಇಡೀ ರಾಜ್ಯಕ್ಕೆ ವಿಸ್ತರಿಸಿತು.

ನನ್ನ ಲೆಕ್ಕದಲ್ಲಿ ಇದು ವಿಮೆಗಿಂತ ನೂರುಪಾಲು ಮರ್ಯಾದೆಯ ಏರ್ಪಾಡು. ಯಾಕೆಂದರೆ ಹೂಂ ಅನ್ನುವುದಕ್ಕೂ ಉಹೂಂ ಅನ್ನುವುದಕ್ಕೂ ಒಂದೇ ಸಾಲು, ಒಂದೇ ಗಂಟೆ, ಒಂದೇ ತಟ್ಟೆ. ಬೇಡ ಅಂದ ಹುಡುಗ ಬರಿಗೈಯಲ್ಲಿ ಹೋಗುವುದಿಲ್ಲ, ಬಾಳೆಹಣ್ಣು ಹಿಡಿದು ಹೋಗುತ್ತಾನೆ. ಆದರೂ ಒಂದು ಮುಳ್ಳು ಇದೆ. ಕಾಕಾನ ಮೊಮ್ಮಗಳು ಹೇಳಿದ್ದು. ತರಗತಿಯಲ್ಲಿ ಮೊದಲ ದಿನ "ತತ್ತಿ ತಿನ್ನೋರು ಕೈ ಎತ್ರಿ" ಅಂದರಂತೆ. ನಾಲ್ಕು ಕೈ ಎದ್ದವು. ಉಳಿದವರು ಪಕ್ಕದವರನ್ನು ನೋಡುತ್ತ ಕೂತರು. ಕೈ ಎತ್ತಿದರೆ ತತ್ತಿ ಮಾತ್ರ ಗೊತ್ತಾಗುವುದಿಲ್ಲ, ಮನೆಯ ಜಾತಿಯೂ ಗೊತ್ತಾಗುತ್ತದೆ. ಎರಡು ವಾರ ಕಳೆಯಲು ಅಡುಗೆಯವ್ವ ಕೇಳುವುದನ್ನೇ ಬಿಟ್ಟಳು. ತತ್ತಿಯ ಬುಟ್ಟಿ, ಹಣ್ಣಿನ ಬುಟ್ಟಿ ಎರಡನ್ನೂ ಕಿಟಕಿ ಕಟ್ಟೆಯ ಮೇಲಿಟ್ಟು ಸಾರು ಬಡಿಸತೊಡಗಿದಳು. ಯಾವ ಸುತ್ತೋಲೆಯೂ ಅವಳಿಗೆ ಇದನ್ನು ಹೇಳಿಕೊಟ್ಟಿರಲಿಲ್ಲ. ಅಲ್ಲಿಂದ ಮುಂದೆ ತತ್ತಿ ಖಾಲಿಯಾಗದ ದಿನ ಕಡಿಮೆ ಅಂತೆ. ಥೇಲರ್ ಇದನ್ನು ನೋಡಿದ್ದರೆ ಪುಸ್ತಕದಲ್ಲಿ ಸೇರಿಸುತ್ತಿದ್ದರೇನೋ.

ಬೇಡ ಅನ್ನುವ ಬಾಗಿಲೇ ಇಲ್ಲದಿದ್ದರೆ ಏನಾಗುತ್ತದೆ ಎಂದು ನೋಡಬೇಕಾದರೆ ಸಿಂಧನೂರಿಗೆ ಹೋಗಬೇಕು. ತುಂಗಭದ್ರಾ ಎಡದಂಡೆ ಕಾಲುವೆ ಕಟ್ಟುವಾಗ ಉದ್ದೇಶ ದೊಡ್ಡದು: ಬರದ ಸೀಮೆಯ ಹೆಚ್ಚು ಹೊಲಗಳಿಗೆ ತೆಳ್ಳಗೆ ನೀರು ಹಂಚಿ ಬೆಳೆ ಉಳಿಸುವುದು. ಅದಕ್ಕೆ ಲೋಕಲೈಸೇಶನ್ ಎಂಬ ಪಟ್ಟಿ. ಈ ಸರ್ವೆ ನಂಬರಿಗೆ ಭತ್ತ, ಇದಕ್ಕೆ ಮುಂಗಾರಿ ಲಘು ನೀರಾವರಿ, ಇದಕ್ಕೆ ಹಿಂಗಾರಿ, ಇದಕ್ಕೆ ಹತ್ತಿ ಅಂತ ಕಚೇರಿಯಲ್ಲಿ ಕೂತು ಬರೆದರು. ರೈತನನ್ನು ಕೇಳಲಿಲ್ಲ. ಅಣೆಕಟ್ಟು ಮುಗಿದದ್ದು 1953ರಲ್ಲಿ. ಆಮೇಲೆ ಆಂಧ್ರದ ಕಡೆಯಿಂದ ಭತ್ತ ಬಲ್ಲ ಒಕ್ಕಲುಗಳು ಬಂದು ಕ್ಯಾಂಪು ಕಟ್ಟಿಕೊಂಡವು, ಮೇಲ್ಭಾಗದ ಹೊಲಗಳೆಲ್ಲ ಗದ್ದೆಯಾದವು, ಈಗ ಸಿಂಧನೂರಿನ ಸೋನಾ ಮಸೂರಿಗೆ ದೇಶದಲ್ಲಿ ಹೆಸರು. ಪಟ್ಟಿ ಹಾಗೇ ಉಳಿಯಿತು, ಹಾಳೆಯ ಮೇಲೆ. ಪಟ್ಟಿ ಮೀರಿದ್ದಕ್ಕೆ ದಂಡ ಹಾಕುವ ಕಾನೂನೂ ಉಳಿಯಿತು, ಅದೂ ಹಾಳೆಯ ಮೇಲೆ.

ಇದನ್ನು ರೈತನ ಸ್ವಾತಂತ್ರ್ಯದ ಗೆಲುವು ಅಂತ ಹಾಡಿ ಹೊಗಳಲು ನನಗೆ ನಾಲಿಗೆ ಬರುವುದಿಲ್ಲ. ಮೇಲಿನವನ ಸ್ವಾತಂತ್ರ್ಯದ ನೀರು ಕೆಳಗಿನ ಮಾನ್ವಿ, ರಾಯಚೂರಿನ ಕೊನೆ ಭಾಗದವನ ತೂಬಿಗೆ ಬರಬೇಕಾದದ್ದು. ಪ್ರತಿ ವರ್ಷ ಕಾಲುವೆಯಲ್ಲಿ ನೀರಿನ ಗೇಜು ಎಷ್ಟಿದೆ ಅಂತ ಜಗಳ, ರಸ್ತೆ ತಡೆ. ವಿಮೆಯಲ್ಲಿ ಕಾಕಾ ಬೇಡ ಅಂದರೆ ಹೋಗುವುದು ಕಾಕಾನ ರೊಕ್ಕ. ಕಾಲುವೆಯಲ್ಲಿ ಹಾಗಲ್ಲ. ತನ್ನ ತಾಟಿನ ಅನ್ನ ಬೇಡ ಅನ್ನುವುದೂ ಪಕ್ಕದವನ ತಾಟಿಗೆ ಕೈ ಹಾಕುವುದೂ ಒಂದೇ ಹಕ್ಕಲ್ಲ. ಮೊದಲನೆಯದಕ್ಕೆ ಮೆಲ್ಲಗೆ ತಿವಿದರೆ ಸಾಕು, ಎರಡನೆಯದಕ್ಕೆ ಗಟ್ಟಿ ನಿಯಮವೇ ಬೇಕು. ಆದರೆ ಆ ನಿಯಮವನ್ನು ಕಾಲುವೆಯ ಎರಡೂ ತುದಿಯವರನ್ನು ಕೂರಿಸಿಕೊಂಡು ಮಾಡಿದ್ದರೆ ಅದು ಎಪ್ಪತ್ತು ವರ್ಷ ಹಾಳೆಯ ಮೇಲೆ ಮಲಗುತ್ತಿರಲಿಲ್ಲ. ಈಚೆಗೆ ನಂದವಾಡಗಿ ಏತ ನೀರಾವರಿಯ ಕಡೆಯೂ ಸರ್ಕಾರ ಹನಿ ನೀರಾವರಿ ಅಂದಿತು, ರೈತರು ಹರಿ ನೀರಾವರಿ ಅಂದರು. ಒಂದಕ್ಷರದ ವ್ಯತ್ಯಾಸ. ಕೊಳವೆ ಹೂಳಿದ ಮೇಲೆ ಕೇಳುವ ಬದಲು ಹೂಳುವ ಮೊದಲೇ ಕೇಳಿದ್ದರೆ ಆಗುತ್ತಿತ್ತು.

ಇಷ್ಟು ಹೇಳಿದ ಮೇಲೆ ನನ್ನ ವಾದಕ್ಕೇ ಅಡ್ಡ ಬರುವ ಒಂದು ಮಾತು ಹೇಳದಿದ್ದರೆ ಚಿಗವ್ವ ಸುಮ್ಮನಿರುವುದಿಲ್ಲ. 2023ರ ಜುಲೈನಲ್ಲಿ ಅನ್ನಭಾಗ್ಯದ ಹೆಚ್ಚುವರಿ ಐದು ಕಿಲೋಗೆ ಅಕ್ಕಿ ಸಿಗದೆ, ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕಿದರು. ನನಗೆ ಖುಷಿಯಾಯಿತು. ಜೋಳದ ರೊಟ್ಟಿ ಉಣ್ಣುವ ಸೀಮೆಗೆ ಅಕ್ಕಿಯನ್ನೇ ಯಾಕೆ ಹೇರಬೇಕು? ರೊಕ್ಕ ಕೊಟ್ಟರೆ ಜೋಳ ಬೇಕಾದವರು ಜೋಳ, ಬೇಳೆ ಬೇಕಾದವರು ಬೇಳೆ. ಆಯ್ಕೆ ಅಂದರೆ ಇದು ಅಂತ ಮನೆಯಲ್ಲಿ ಭಾಷಣ ಬಿಗಿದೆ. ಚಿಗವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಹೇಳಿದಳು:

"ಅಕ್ಕಿನೇ ಬೇಸು. ರೊಕ್ಕ ಬಂದ ದಿನ ಸಂಘದ ಕಂತಿನವರು ಬರ್ತಾರ, ಕಿರಾಣಿಯವ ಬರ್ತಾನ, ನಿಮ್ಮ ಕಾಕಾ ಕೈ ಚಾಚ್ತಾನ. ಅಕ್ಕಿ ಕೇಳಾಕ ಯಾವನೂ ಬರಂಗಿಲ್ಲ."

ನನಗೆ ಉತ್ತರ ಹೊಳೆಯಲಿಲ್ಲ. ತನ್ನ ಆಯ್ಕೆ ಕಡಿಮೆ ಇದ್ದಷ್ಟೂ ತನ್ನ ಒಲೆ ಸುರಕ್ಷಿತ ಎಂದು ಅವಳೇ ಆರಿಸಿಕೊಂಡಿದ್ದಾಳೆ. ಇದನ್ನು ಸ್ವಾತಂತ್ರ್ಯದ ಕೊರತೆ ಅನ್ನಲೇ, ಸ್ವಾತಂತ್ರ್ಯ ಅನ್ನಲೇ? ನಮ್ಮ ಜಿಲ್ಲೆಯ ಹೆಂಗಸರು ಮದ್ಯ ನಿಷೇಧ ಆಂದೋಲನ ಅಂತ ಕಟ್ಟಿಕೊಂಡು 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಹೋದದ್ದೂ ಇದಕ್ಕೇ. 2007ರ ಜುಲೈನಲ್ಲಿ ಸಾರಾಯಿ ನಿಂತಿತ್ತು, ಊರೂರಿನ ಅಂಗಡಿಯಲ್ಲಿ ಬೇರೆ ಬಾಟಲಿ ಬಂದು ಕೂತಿತ್ತು. ಸರ್ಕಾರ ಅಪ್ಪನಂತೆ ಗದರಲಿ ಎಂದು ಅವರು ಕಾಲು ಬೊಬ್ಬೆ ಬರುವ ಹಾಗೆ ನಡೆದರು. ಕುಡಿಯುವವನ ಆಯ್ಕೆ ಅವನದು ಎಂದು ಪುಸ್ತಕ ಓದಿದ ನಾನು ಹೇಳಬಹುದು. ಆ ಆಯ್ಕೆಯ ಬಿಲ್ಲು ಯಾರ ಕೈಗೆ ಬರುತ್ತದೆ ಅಂತ ನಡೆದವರಿಗೆ ಗೊತ್ತು. ನಿಷೇಧ ಫಲ ಕೊಡುತ್ತದೆ ಎಂದು ನನಗೆ ನಂಬಿಕೆ ಇಲ್ಲ, ಕಳ್ಳಭಟ್ಟಿಯ ವಾಸನೆ ಗೊತ್ತಿದೆ. ಆದರೆ ಕೇಳಿ ಪಡೆಯುವ ಕಟ್ಟಳೆಗೂ ಕೇಳದೆ ಬರುವ ಕಟ್ಟಳೆಗೂ ಇರುವ ಅಂತರವನ್ನು ಆ ಹೆಂಗಸರು ಇನ್ನೂರು ಕಿಲೋಮೀಟರ್ ಅಳೆದು ತೋರಿಸಿದರು.

ಕಳೆದ ಮುಂಗಾರಿನಲ್ಲಿ ಕಾಕಾ ಮತ್ತೆ ಬಂದ. ಈ ಸಲ ಪಾಸ್‌ಬುಕ್ ಅಲ್ಲ, ಎರಡು ಬಿಳಿ ಹಾಳೆ ತಂದಿದ್ದ.

"ಒಂದರಾಗ ವಿಮಾ ಬ್ಯಾಡ ಅಂತ ಬರಿ. ಇನ್ನೊಂದರಾಗ ಬೇಕು ಅಂತ ಬರಿ. ಬೇಕು ಅನ್ನೋ ಹಾಳಿಗೆ ಮೂಲ್ಯಾಗ ಒಂದು ಗುಂಡು ಹಾಕು, ನನಗ ಗುರ್ತು ಸಿಗಬೇಕು. ಮಸ್ಕ್ಯಾಗ ಇಳದ ಮ್ಯಾಲ ಮೋಡ ನೋಡಿ ಯಾವುದರೆ ಒಂದು ಕೊಡ್ತೀನಿ."

ನಾನು ನಕ್ಕೆ. "ಕಾಕಾ, ಬೇಕು ಅನ್ನಾಕ ಕಾಗದ ಹತ್ತಂಗಿಲ್ಲ. ನೀ ಮನ್ಯಾಗ ಸುಮ್ಮ ಕುಂತ್ರ ಸಾಕು, ಅವರೇ ಹಿಡಕೊಂತಾರ."

"ಗೊತ್ತೈತಿ" ಎಂದ ಕಾಕಾ, ಹಾಳೆಯನ್ನು ನನ್ನ ಕಡೆ ಸರಿಸುತ್ತ. "ಇರ್ಲಿ. ಹೂಂ ಅನ್ನಾಕೂ ನಂದೊಂದು ಕಾಗದ ಇರ್ಲಿ."

ಬರೆದುಕೊಟ್ಟೆ. ಎರಡನ್ನೂ ಮಡಿಚಿ, ಅಂಗಿಯ ಎಡ ಜೇಬಿನಲ್ಲಿ ಒಂದು, ಬಲ ಜೇಬಿನಲ್ಲಿ ಒಂದು ಇಟ್ಟುಕೊಂಡು ಬಸ್ಸಿಗೆ ಹೋದ.